ಕೊಟ್ಟ ಹಕ್ಕು, ಕೇಳಿದ ತಪ್ಪು

ಸೌದಿ ಅರೇಬಿಯಾದಲ್ಲಿ ಮಹಿಳೆಯರಿಗೆ ವಾಹನ ಓಡಿಸಲು ಅನುಮತಿ ದೊರೆತದ್ದು ಯಾವಾಗ ಎಂದು ರಸಪ್ರಶ್ನೆಯಲ್ಲಿ ಕೇಳಿದರೆ, 2018ರ ಜೂನ್ 24 ಎಂದು ನಿಮ್ಮಲ್ಲಿ ಹಲವರು ಥಟ್ಟನೆ ಉತ್ತರಿಸಬಹುದು. ಉತ್ತರ ಸರಿ. ಅಂಕವೂ ಸಿಗುತ್ತದೆ. ಆದರೆ ಆ ದಿನಾಂಕದ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ಓದಬೇಕು: 2018ರ ಮೇ 15. ಅಂದು ಅದೇ ದೇಶದ ಭದ್ರತಾ ಸಿಬ್ಬಂದಿ ಕೆಲವು ಮಹಿಳೆಯರನ್ನು ಬಂಧಿಸಿ ಕರೆದೊಯ್ದರು. ಬಂಧಿತರು ಯಾರು? ಮಹಿಳೆಯರಿಗೆ ವಾಹನ ಓಡಿಸುವ ಹಕ್ಕು ಬೇಕೆಂದು ವರ್ಷಗಟ್ಟಲೆ ಕೇಳುತ್ತ ಬಂದವರೇ.

ಎರಡು ದಿನಾಂಕಗಳ ನಡುವೆ ಇರುವುದು ನಲವತ್ತು ದಿನಗಳು. ಬೇಡಿಕೆ ಈಡೇರುವ ಹೊತ್ತಿನಲ್ಲೇ ಬೇಡಿಕೆ ಇಟ್ಟವರು ಸೆರೆಮನೆ ಸೇರಿದರು. ಮೇಲುನೋಟಕ್ಕೆ ಇದು ಅರ್ಥವಾಗದ ಸಂಗತಿ. ಒಂದು ಸರ್ಕಾರ ಮಹಿಳೆಯರ ಹಕ್ಕನ್ನು ವಿರೋಧಿಸಿ ಅದನ್ನು ಕೇಳಿದವರನ್ನು ಬಂಧಿಸಿದರೆ ಅದು ಅನ್ಯಾಯವಾದರೂ ಅರ್ಥವಾಗುತ್ತದೆ. ಹಕ್ಕನ್ನು ಕೊಡುತ್ತಲೇ, ಕೇಳಿದವರನ್ನು ಬಂಧಿಸುವುದೇಕೆ? ಈ ಪ್ರಶ್ನೆಗೆ ಉತ್ತರ ಹುಡುಕಲು ನಾವು ಕೆಲವು ದಶಕಗಳಷ್ಟು ಹಿಂದಕ್ಕೆ ಹೋಗಬೇಕು.

ಗಂಡಸಿನ ಸಹಿ

ಸೌದಿ ಅರೇಬಿಯಾ ಒಂದು ರಾಜ್ಯವಾಗಿ ರೂಪುಗೊಂಡದ್ದು 1932ರಲ್ಲಿ. ಅಲ್ಲಿ ಆಳುವವನು ಅರಸ. ರಾಜಕೀಯ ಪಕ್ಷಗಳಿಗೆ ಅವಕಾಶವಿಲ್ಲ. ಸರ್ಕಾರ ಹೆಣ್ಣುಮಕ್ಕಳಿಗಾಗಿ ಶಾಲೆಗಳನ್ನು ತೆರೆಯಲು ಆರಂಭಿಸಿದ್ದು 1960ರಲ್ಲಿ. ಓದಿದ ಹುಡುಗಿಯರು ಕಾಲೇಜಿಗೆ ಹೋದರು, ವೈದ್ಯರಾದರು, ಪ್ರಾಧ್ಯಾಪಕರಾದರು. ಆದರೆ ಎಷ್ಟೇ ಓದಿದ್ದರೂ ಪ್ರತಿ ಹೆಣ್ಣಿಗೂ ಒಬ್ಬ ‘ರಕ್ಷಕ ಪುರುಷ’ ಇರಬೇಕೆಂಬ ನಿಯಮ ಉಳಿಯಿತು. ಮೊದಲು ತಂದೆ, ಆಮೇಲೆ ಗಂಡ, ಅವರಿಲ್ಲದಿದ್ದರೆ ಸಹೋದರ, ಕೆಲವೊಮ್ಮೆ ಹೊಟ್ಟೆಯಲ್ಲಿ ಹುಟ್ಟಿದ ಮಗ. ಪಾಸ್‌ಪೋರ್ಟ್ ಪಡೆಯಲು, ವಿದೇಶಕ್ಕೆ ಹೋಗಲು, ಮದುವೆಯಾಗಲು ಈ ಪುರುಷನ ಒಪ್ಪಿಗೆ ಬೇಕಿತ್ತು.

ಇನ್ನು ವಾಹನ ಓಡಿಸುವ ವಿಷಯ. ಅಲ್ಲಿನ ಸಂಚಾರ ನಿಯಮಗಳಲ್ಲಿ ಹೆಂಗಸರು ಕಾರು ಓಡಿಸಬಾರದೆಂದು ಬರೆದಿರಲಿಲ್ಲ. ಆದರೆ ಅವರಿಗೆ ಪರವಾನಗಿ ಕೊಡುತ್ತಿರಲಿಲ್ಲ, ಅಷ್ಟೇ. ದೂರದ ಮರುಭೂಮಿಯಲ್ಲಿ ಆಡು ಕುರಿ ಮೇಯಿಸುವ ಬೆದುಯಿನ್ ಹೆಂಗಸರು ನೀರಿನ ಡ್ರಮ್ಮು ಹೊತ್ತ ಪಿಕಪ್ ವಾಹನಗಳನ್ನು ಓಡಿಸುತ್ತಿದ್ದರು, ಅದನ್ನು ಯಾರೂ ತಡೆಯುತ್ತಿರಲಿಲ್ಲ. ನಗರದ ಪ್ರಾಧ್ಯಾಪಕಿ ಮಾತ್ರ ಹಿಂದಿನ ಸೀಟಿನಲ್ಲೇ ಕೂರಬೇಕಿತ್ತು.

ಮುಂದಿನ ಸೀಟಿನಲ್ಲಿ ಕೂರುತ್ತಿದ್ದವರು ಯಾರು? ಮನೆಯ ಗಂಡಸರು, ಇಲ್ಲವೇ ಸಂಬಳದ ಚಾಲಕರು. ಲಕ್ಷಗಟ್ಟಲೆ ವಿದೇಶೀಯರು ಈ ಕೆಲಸಕ್ಕೆ ಅಲ್ಲಿಗೆ ಹೋದರು. ಅವರಲ್ಲಿ ನಮ್ಮ ಕರಾವಳಿಯವರೂ ಇದ್ದಾರೆ. ಮಂಗಳೂರು, ಉಡುಪಿ, ಭಟ್ಕಳದ ಕಡೆಯ ಓದುಗರಿಗೆ ‘ಹೌಸ್ ಡ್ರೈವರ್’ ಎಂಬ ಮಾತನ್ನು ವಿವರಿಸಿ ಹೇಳಬೇಕಾಗಿಲ್ಲ. ಮಕ್ಕಳನ್ನು ಶಾಲೆಗೆ ಬಿಡುವುದು, ಮನೆಯೊಡತಿಯನ್ನು ಅಂಗಡಿಗೆ, ಆಸ್ಪತ್ರೆಗೆ ಕರೆದೊಯ್ಯುವುದು ಅವರ ಕೆಲಸ. ಅಂಥ ಚಾಲಕನಿಗೆ ಸಂಬಳ ಕೊಡಲಾಗದ ಬಡ ಕುಟುಂಬದ ಹೆಂಗಸು ಕೆಲಸಕ್ಕೆ ಹೋಗುವುದೇ ಕಷ್ಟವಾಗಿತ್ತು. ಆದ್ದರಿಂದ ಕಾರಿನ ಪ್ರಶ್ನೆ ಶ್ರೀಮಂತರ ಶೋಕಿಯ ಪ್ರಶ್ನೆ ಎಂದು ತಿಳಿಯಬೇಡಿ. ದುಡಿಯಲು, ಓದಲು, ಕಾಯಿಲೆ ಬಿದ್ದ ಮಗುವನ್ನು ರಾತ್ರಿ ಆಸ್ಪತ್ರೆಗೆ ಒಯ್ಯಲು ಯಾರ ಅಪ್ಪಣೆಗೂ ಕಾಯದೆ ಮನೆಯಿಂದ ಹೊರಡಬಹುದೇ ಎಂಬುದೇ ಅದರೊಳಗಿನ ಪ್ರಶ್ನೆ.

ನಲವತ್ತೇಳು ಮಂದಿ

1990ರ ಆಗಸ್ಟ್ 2ರಂದು ಇರಾಕ್ ಸೇನೆ ಕುವೈತ್‌ಗೆ ನುಗ್ಗಿತು. ಕುವೈತಿನ ಕುಟುಂಬಗಳು ಕಾರುಗಳಲ್ಲಿ ಗಡಿ ದಾಟಿ ಸೌದಿಗೆ ಬಂದವು, ಎಷ್ಟೋ ಕಾರುಗಳನ್ನು ಹೆಂಗಸರೇ ಓಡಿಸಿಕೊಂಡು ಬಂದಿದ್ದರು. ಹಿಂದೆಯೇ ಬಂದ ಅಮೆರಿಕದ ಸೇನೆಯಲ್ಲಿ ಮಹಿಳಾ ಸೈನಿಕರು ಟ್ರಕ್ಕು, ಜೀಪು ಓಡಿಸುತ್ತಿದ್ದರು. ಸೌದಿಯ ಮಹಿಳೆಯರು ಇದನ್ನೆಲ್ಲ ಕಣ್ಣಾರೆ ಕಂಡರು.

ಅದೇ ವರ್ಷ ನವೆಂಬರ್ 6ರಂದು ರಾಜಧಾನಿ ರಿಯಾದ್‌ನ ಒಂದು ದೊಡ್ಡ ಅಂಗಡಿಯ ಮುಂದೆ 47 ಮಹಿಳೆಯರು ಸೇರಿದರು. ಚಾಲಕರನ್ನು ಕೆಳಗಿಳಿಸಿ, ವಿದೇಶದಲ್ಲಿ ಪರವಾನಗಿ ಪಡೆದಿದ್ದವರು ಸ್ಟೇರಿಂಗ್ ಹಿಡಿದರು. ಹತ್ತು ಹನ್ನೆರಡಕ್ಕೂ ಹೆಚ್ಚು ಕಾರುಗಳು ಸಾಲಾಗಿ ನಗರದ ಬೀದಿಗಳಲ್ಲಿ ಸಾಗಿದವು. ಸ್ವಲ್ಪ ಹೊತ್ತಿನಲ್ಲೇ ಪೊಲೀಸರು ತಡೆದರು. ಅವರನ್ನು ಠಾಣೆಯಲ್ಲಿ ಕೂರಿಸಿಕೊಂಡು, ರಕ್ಷಕ ಪುರುಷರನ್ನು ಕರೆಸಿ, ಇನ್ನು ಮುಂದೆ ಹೀಗಾಗದೆಂದು ಬರೆಸಿಕೊಂಡ ಮೇಲೆಯೇ ಬಿಟ್ಟರು.

ನಿಜವಾದ ಶಿಕ್ಷೆ ಆಮೇಲೆ ಬಂತು. ಸರ್ಕಾರಿ ಕೆಲಸದಲ್ಲಿದ್ದವರನ್ನು ಅಮಾನತು ಮಾಡಲಾಯಿತು. ಪಾಸ್‌ಪೋರ್ಟ್‌ಗಳನ್ನು ಕಿತ್ತುಕೊಳ್ಳಲಾಯಿತು. ಅವರ ಹೆಸರುಗಳನ್ನು ಅಚ್ಚು ಹಾಕಿದ, ಕೀಳು ಮಾತುಗಳಿಂದ ತುಂಬಿದ ಕರಪತ್ರಗಳು ಊರೆಲ್ಲ ಹಂಚಿಕೆಯಾದವು. ಅದುವರೆಗೆ ರೂಢಿಯಾಗಿದ್ದ ನಿಷೇಧವನ್ನು ಗೃಹ ಖಾತೆ ಈಗ ಅಧಿಕೃತವಾಗಿ ಸಾರಿತು. ಆ ತಂಡದಲ್ಲಿದ್ದ ಮದೀಹಾ ಅಲ್-ಅಜ್ರೂಶ್ ಛಾಯಾಗ್ರಾಹಕಿ. ಪೊಲೀಸರು ಅವರ ನೆಗೆಟಿವ್‌ಗಳನ್ನು ನಾಶ ಮಾಡಿದರು. ದೃಶ್ಯಗಳ ನಡುವೆ ಕೆಲಸ ಮಾಡುವ ನಮ್ಮಂಥವರಿಗೆ ಇದರ ನೋವು ಬೇಗ ತಿಳಿಯುತ್ತದೆ. ಮುದ್ರಿತ ಚಿತ್ರ ಹೋದರೆ ಮತ್ತೊಂದು ಪ್ರತಿ ತೆಗೆಯಬಹುದು. ನೆಗೆಟಿವ್ ಹೋದರೆ ಕಂಡದ್ದೇ ಅಳಿಸಿಹೋದಂತೆ.

ಕ್ಯಾಮೆರಾ ಕೈಗೆ ಬಂದಾಗ

ಮುಂದೆ ಹದಿನೇಳು ವರ್ಷ ಅಂಥ ಸಾಮೂಹಿಕ ಪ್ರಯತ್ನ ನಡೆಯಲಿಲ್ಲ. 2007ರಲ್ಲಿ ವಜೀಹಾ ಅಲ್-ಹುವೈದರ್ ಮತ್ತು ಸಂಗಡಿಗರು ಸಾವಿರಕ್ಕೂ ಹೆಚ್ಚು ಸಹಿ ಸಂಗ್ರಹಿಸಿ ದೊರೆ ಅಬ್ದುಲ್ಲಾ ಅವರಿಗೆ ಮನವಿ ಸಲ್ಲಿಸಿದರು. ಮರುವರ್ಷ ಮಾರ್ಚ್ 8ರ ಮಹಿಳಾ ದಿನದಂದು ವಜೀಹಾ ತಾವೇ ಕಾರು ಓಡಿಸುತ್ತ ಮಾತನಾಡಿದ ವೀಡಿಯೊ ಅಂತರ್ಜಾಲದಲ್ಲಿ ಪ್ರಕಟವಾಯಿತು.

2011ರ ಮೇ ತಿಂಗಳಲ್ಲಿ ಅದೇ ಕ್ರಮವನ್ನು ಅನುಸರಿಸಿದವರು ಮನಾಲ್ ಅಲ್-ಶರೀಫ್. ಅವರು ತೈಲ ಸಂಸ್ಥೆ ಅರಾಮ್ಕೊದಲ್ಲಿ ಕಂಪ್ಯೂಟರ್ ಸುರಕ್ಷತೆಯ ತಜ್ಞೆ. ಅವರು ಕಾರು ಓಡಿಸುತ್ತಿದ್ದರೆ ಪಕ್ಕದಲ್ಲಿ ಕುಳಿತು ಚಿತ್ರೀಕರಿಸಿದವರು ವಜೀಹಾ. ಲಕ್ಷಾಂತರ ಜನ ಅದನ್ನು ನೋಡಿದರು. ಮನಾಲ್ ಅವರನ್ನು ಬಂಧಿಸಿ ಒಂಬತ್ತು ದಿನ ಜೈಲಿನಲ್ಲಿಟ್ಟರು. ಆದರೂ ಜೂನ್ 17ರಂದು, ಮೊದಲೇ ಗೊತ್ತುಮಾಡಿದ್ದಂತೆ, ಹಲವು ನಗರಗಳಲ್ಲಿ ಹತ್ತಾರು ಹೆಂಗಸರು ಕಾರು ಓಡಿಸಿದರು. ಜಿದ್ದಾದಲ್ಲಿ ಕಾರು ಓಡಿಸಿದ ಒಬ್ಬ ಮಹಿಳೆಗೆ ನ್ಯಾಯಾಲಯ ಆ ಸೆಪ್ಟೆಂಬರಿನಲ್ಲಿ ಹತ್ತು ಛಡಿಯೇಟಿನ ಶಿಕ್ಷೆ ವಿಧಿಸಿತು. ದೊರೆ ಅದನ್ನು ರದ್ದುಗೊಳಿಸಿದರು.

2013ರಲ್ಲಿ ಚಳವಳಿ ಮತ್ತೆ ಕಾವೇರಿದಾಗ ಧರ್ಮಗುರುಗಳೊಬ್ಬರು ಹೊಸ ವಾದ ಮುಂದಿಟ್ಟರು. ಕಾರು ಓಡಿಸಿದರೆ ಹೆಂಗಸರ ಅಂಡಾಶಯಕ್ಕೆ ಧಕ್ಕೆಯಾಗುತ್ತದೆ, ಹುಟ್ಟುವ ಮಕ್ಕಳಿಗೆ ತೊಂದರೆಯಾಗುತ್ತದೆ ಎಂಬುದು ಅವರ ಮಾತು. ನಾನು ವಿಜ್ಞಾನ ಓದಿದವನು. ವಿಜ್ಞಾನದಲ್ಲಿ ಯಾವ ಹೇಳಿಕೆಯನ್ನೂ ಕೇಳಿದೊಡನೆ ತಳ್ಳಿಹಾಕಬಾರದು, ಪರೀಕ್ಷಿಸಬೇಕು. ಇಲ್ಲಿ ಪರೀಕ್ಷೆಗೆ ಪ್ರಯೋಗಶಾಲೆಯೂ ಬೇಡ. ಜಗತ್ತಿನ ಉಳಿದ ದೇಶಗಳಲ್ಲಿ ಕೋಟ್ಯಂತರ ಹೆಂಗಸರು ತಲೆಮಾರುಗಳಿಂದ ಕಾರು ಓಡಿಸುತ್ತಿದ್ದಾರೆ. ಪಕ್ಕದ ಕುವೈತ್‌ನಲ್ಲೂ ಓಡಿಸುತ್ತಿದ್ದಾರೆ. ಅಂಥ ಪರಿಣಾಮವೇನೂ ಕಂಡುಬಂದಿಲ್ಲ. ಇಷ್ಟಕ್ಕೂ ಚಾಲಕನ ಸೀಟಿನಲ್ಲಿ ಕೂತರೆ ಆಗುವ ತೊಂದರೆ ಪಕ್ಕದ ಸೀಟಿನಲ್ಲಿ ಕೂತರೆ ಏಕೆ ಆಗುವುದಿಲ್ಲ? ಯಾವುದನ್ನೋ ತಡೆಯಲೇಬೇಕೆಂದು ಮೊದಲು ತೀರ್ಮಾನಿಸಿ, ಅನಂತರ ಕಾರಣ ಹುಡುಕಿದರೆ ಇಂಥ ವಾದಗಳು ಹುಟ್ಟುತ್ತವೆ.

2014ರ ಡಿಸೆಂಬರ್ 1ರಂದು 25 ವರ್ಷದ ಲೂಜೈನ್ ಅಲ್-ಹತ್‌ಲೂಲ್ ಸಂಯುಕ್ತ ಅರಬ್ ಸಂಸ್ಥಾನದ ಪರವಾನಗಿ ಹಿಡಿದು, ಅಲ್ಲಿಂದ ಕಾರು ಓಡಿಸಿಕೊಂಡು ಸೌದಿಯ ಗಡಿಗೆ ಬಂದರು. ಕೆನಡಾದ ವಿಶ್ವವಿದ್ಯಾಲಯದಲ್ಲಿ ಓದಿದ ಯುವತಿ ಇವರು. ಗಡಿಯಲ್ಲೇ ಬಂಧನವಾಯಿತು. 73 ದಿನ ಸೆರೆಯಲ್ಲಿಟ್ಟರು. ಪ್ರಕರಣವನ್ನು ವರ್ಗಾಯಿಸಿದ್ದು ಎಲ್ಲಿಗೆ ಗೊತ್ತೇ? ಭಯೋತ್ಪಾದನೆಯ ಮೊಕದ್ದಮೆಗಳಿಗೆಂದು 2008ರಲ್ಲಿ ಸ್ಥಾಪಿಸಿದ್ದ ವಿಶೇಷ ನ್ಯಾಯಾಲಯಕ್ಕೆ.

ಆಜ್ಞೆಯೂ ಬಂತು, ಕರೆಯೂ ಬಂತು

2016ರ ಸೆಪ್ಟೆಂಬರಿನಲ್ಲಿ ರಕ್ಷಕ ಪುರುಷನ ನಿಯಮವನ್ನೇ ತೆಗೆದುಹಾಕಬೇಕೆಂದು 14 ಸಾವಿರಕ್ಕೂ ಹೆಚ್ಚು ಜನ ಸಹಿ ಮಾಡಿದರು. ಆ ಮನವಿಯನ್ನು ಅರಮನೆಯ ಕಚೇರಿಗೆ ಕೊಂಡೊಯ್ದವರು ಅಜೀಜಾ ಅಲ್-ಯೂಸೆಫ್, ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ವಿಜ್ಞಾನ ಕಲಿಸಿ ನಿವೃತ್ತರಾದವರು, ಮೊಮ್ಮಕ್ಕಳನ್ನು ಕಂಡವರು. ಅಲ್ಲಿ ಅದನ್ನು ಕೈಯಲ್ಲಿ ತೆಗೆದುಕೊಳ್ಳಲಿಲ್ಲ, ಅಂಚೆಯಲ್ಲಿ ಕಳುಹಿಸಿ ಎಂದರು.

ಒಂದು ವರ್ಷದ ನಂತರ, 2017ರ ಸೆಪ್ಟೆಂಬರ್ 26ರಂದು, ದೊರೆ ಸಲ್ಮಾನ್ ಅವರ ಆಜ್ಞೆ ಹೊರಬಿತ್ತು. ಬರುವ ಜೂನ್‌ನಿಂದ ಮಹಿಳೆಯರು ವಾಹನ ಓಡಿಸಬಹುದು! ಜಗತ್ತಿನ ಪತ್ರಿಕೆಗಳು, ಟೆಲಿವಿಷನ್ ವಾಹಿನಿಗಳು ಇದನ್ನು ಮುಖ್ಯ ಸುದ್ದಿ ಮಾಡಿದವು. ಯುವರಾಜ ಮೊಹಮ್ಮದ್ ಬಿನ್ ಸಲ್ಮಾನ್ ಅವರನ್ನು ಸುಧಾರಕರೆಂದು ಹಲವರು ಕೊಂಡಾಡಿದರು. ಅದೇ ಹೊತ್ತಿನಲ್ಲಿ, ಈ ಹಕ್ಕಿಗಾಗಿ ಹೋರಾಡಿದ ಹಲವು ಮಹಿಳೆಯರಿಗೆ ದೂರವಾಣಿ ಕರೆ ಬಂದದ್ದನ್ನು ಮಾನವ ಹಕ್ಕು ಸಂಸ್ಥೆಗಳು ದಾಖಲಿಸಿವೆ. ಪತ್ರಕರ್ತರೊಡನೆ ಈ ವಿಷಯ ಮಾತನಾಡಬೇಡಿ ಎಂಬುದು ಆ ಕರೆಯ ಸಾರ. ಟೀಕಿಸಬೇಡಿ ಎಂದಷ್ಟೇ ಅಲ್ಲ, ಹೊಗಳುವುದೂ ಬೇಡ, ಸುಮ್ಮನಿರಿ.

ಈ ಕರೆಯನ್ನು ನೆನಪಿನಲ್ಲಿಡಿ. ನಾವು ಹುಡುಕುತ್ತಿರುವ ಉತ್ತರದ ಒಂದು ತುದಿ ಇಲ್ಲಿದೆ.

2018ರ ಮೇ 15ರ ಸುಮಾರಿಗೆ ಬಂಧನಗಳು ಆರಂಭವಾದವು. ಲೂಜೈನ್, ಅಜೀಜಾ, ಭಾಷಾವಿಜ್ಞಾನದ ಅಧ್ಯಾಪಕಿ ಇಮಾನ್ ಅಲ್-ನಫ್ಜಾನ್ ಸೆರೆಯಾದರು. ಇವರಿಗೆ ಬೆಂಬಲವಾಗಿದ್ದ ಗಂಡಸರನ್ನೂ ಬಿಡಲಿಲ್ಲ, ವಕೀಲರೊಬ್ಬರು ಅವರಲ್ಲಿದ್ದರು. 1990ರ ಮೆರವಣಿಗೆಯಲ್ಲಿದ್ದ ಆಯಿಷಾ ಅಲ್-ಮಾನಾ ಮತ್ತು ಮದೀಹಾ ಅಲ್-ಅಜ್ರೂಶ್ ಅವರನ್ನೂ ಹಿಡಿದು ಕೆಲವು ದಿನಗಳ ಮೇಲೆ ಬಿಟ್ಟರು. ಇಪ್ಪತ್ತೆಂಟು ವರ್ಷಗಳ ಹಿಂದಿನ ಹೆಸರುಗಳು ಸರ್ಕಾರದ ಕಡತದಲ್ಲಿ ಮಾಸಿರಲಿಲ್ಲ. ಬಂಧಿತರ ಭಾವಚಿತ್ರಗಳ ಮೇಲೆ ‘ದ್ರೋಹಿ’ ಎಂಬ ಕೆಂಪು ಮುದ್ರೆ ಒತ್ತಿ ಸಾಮಾಜಿಕ ಜಾಲತಾಣಗಳಲ್ಲಿ ಹರಡಲಾಯಿತು. ವಿಚಾರಣೆ ನಡೆದಿರಲಿಲ್ಲ, ಆರೋಪಪಟ್ಟಿಯೂ ಇರಲಿಲ್ಲ. ಆದರೆ ಚಿತ್ರದ ಮೇಲೆ ತೀರ್ಪು ಬಿದ್ದಾಗಿತ್ತು.

ಜೂನ್ 4ರಂದು ಹತ್ತು ಮಹಿಳೆಯರಿಗೆ ಮೊದಲ ಪರವಾನಗಿಗಳನ್ನು ಕೊಟ್ಟರು. ಜೂನ್ 24ರ ಮಧ್ಯರಾತ್ರಿ ಹೆಂಗಸರು ಸಂತೋಷದಿಂದ ರಸ್ತೆಗಿಳಿದರು. ಆ ಸಂತೋಷ ಸುಳ್ಳಲ್ಲ. ಅದನ್ನು ಸಾಧ್ಯವಾಗಿಸಿದ ಕೆಲವರು ಮಾತ್ರ ಅಂದು ಸೆರೆಮನೆಯಲ್ಲಿದ್ದರು.

ಗೋಡೆಯ ಒಳಗೆ

ಜುಲೈ ಕೊನೆಯಲ್ಲಿ ಸಮರ್ ಬದಾವಿ ಮತ್ತು ನಸೀಮಾ ಅಲ್-ಸಾದಾ ಅವರ ಬಂಧನವಾಯಿತು. ಅವರನ್ನು ಬಿಡಬೇಕೆಂದು ಕೆನಡಾ ಸರ್ಕಾರ ಕೇಳಿದ್ದಕ್ಕೆ ಸೌದಿ ಸರ್ಕಾರ ಕೆನಡಾದ ರಾಯಭಾರಿಯನ್ನು ಹೊರಗಟ್ಟಿತು, ಹೊಸ ವ್ಯಾಪಾರವನ್ನು ತಡೆಹಿಡಿಯಿತು, ಅಲ್ಲಿ ಓದುತ್ತಿದ್ದ ತನ್ನ ವಿದ್ಯಾರ್ಥಿಗಳನ್ನು ವಾಪಸು ಕರೆಯಿತು. ಕೇಳುವವರು ಹೊರದೇಶದವರಾದರೂ ಸಹಿಸುವುದಿಲ್ಲ ಎಂಬುದು ಅದರ ಅರ್ಥ.

ಆ ನವೆಂಬರಿನಲ್ಲಿ ಅಂತಾರಾಷ್ಟ್ರೀಯ ಸಂಸ್ಥೆಗಳಾದ ಆಮ್ನೆಸ್ಟಿ ಮತ್ತು ಹ್ಯೂಮನ್ ರೈಟ್ಸ್ ವಾಚ್ ಒಳಗಿನ ಸಂಗತಿಗಳನ್ನು ಪ್ರಕಟಿಸಿದವು. ಬಂಧಿತರನ್ನು ಹೊಡೆದದ್ದು, ವಿದ್ಯುತ್ ಆಘಾತ ಕೊಟ್ಟದ್ದು, ಲೈಂಗಿಕವಾಗಿ ಪೀಡಿಸಿದ್ದು ಅವುಗಳ ವರದಿಯಲ್ಲಿತ್ತು. ಲೂಜೈನ್ ಅವರ ಮನೆಯವರೂ ಇದನ್ನೇ ಹೇಳಿದರು. ಸೌದಿ ಸರ್ಕಾರ ಇದೆಲ್ಲವನ್ನೂ ನಿರಾಕರಿಸಿತು. ಬಂಧನಕ್ಕೂ ಮಹಿಳಾ ಹಕ್ಕಿಗೂ ಸಂಬಂಧವಿಲ್ಲ, ಇದು ದೇಶದ ಭದ್ರತೆಯ ವಿಷಯ ಎಂಬುದು ಅದರ ನಿಲುವು. ಎರಡೂ ಕಡೆಯ ಮಾತನ್ನು ನಿಮ್ಮ ಮುಂದೆ ಇಟ್ಟಿದ್ದೇನೆ. ತೂಗಿ ನೋಡುವಾಗ ಒಂದು ಅಂಶ ಗಮನದಲ್ಲಿರಲಿ: 2019ರ ಮಾರ್ಚ್‌ನಲ್ಲಿ ವಿಚಾರಣೆ ಆರಂಭವಾದಾಗ ವಿದೇಶಿ ಪತ್ರಕರ್ತರನ್ನೂ ರಾಜತಾಂತ್ರಿಕರನ್ನೂ ನ್ಯಾಯಾಲಯದ ಒಳಗೆ ಬಿಡಲಿಲ್ಲ. ಸತ್ಯ ತನ್ನ ಕಡೆ ಇದೆ ಎನ್ನುವವರು ಬಾಗಿಲು ಮುಚ್ಚುವುದೇಕೆ?

ಆರೋಪಗಳು ಏನೇನಿದ್ದವು ನೋಡಿ. ವಿದೇಶಿ ಪತ್ರಕರ್ತರೊಡನೆ, ರಾಜತಾಂತ್ರಿಕರೊಡನೆ, ಮಾನವ ಹಕ್ಕು ಸಂಸ್ಥೆಗಳೊಡನೆ ಸಂಪರ್ಕ. ವಿಶ್ವಸಂಸ್ಥೆಯಲ್ಲಿ ಕೆಲಸಕ್ಕೆ ಅರ್ಜಿ ಹಾಕಿದ್ದೂ ಲೂಜೈನ್ ವಿರುದ್ಧದ ಪಟ್ಟಿಯಲ್ಲಿತ್ತು. ಆ ತಿಂಗಳ ಕೊನೆಯಲ್ಲಿ ಅಜೀಜಾ ಮತ್ತು ಇಮಾನ್ ತಾತ್ಕಾಲಿಕವಾಗಿ ಹೊರಬಂದರು. ಲೂಜೈನ್ ಒಳಗೇ ಉಳಿದರು. ಚಿತ್ರಹಿಂಸೆ ನಡೆಯಲಿಲ್ಲವೆಂದು ಕ್ಯಾಮೆರಾ ಮುಂದೆ ಹೇಳಿದರೆ ಬಿಡುಗಡೆ ಮಾಡುವುದಾಗಿ ಆಕೆಗೆ ಆಸೆ ತೋರಿಸಿದರು, ಆಕೆ ಒಪ್ಪಲಿಲ್ಲ ಎಂದು 2019ರ ಆಗಸ್ಟ್‌ನಲ್ಲಿ ಮನೆಯವರು ತಿಳಿಸಿದರು. ಯಾವ ಕ್ಯಾಮೆರಾದಿಂದ ಚಳವಳಿ ತನ್ನ ಮಾತನ್ನು ಜಗತ್ತಿಗೆ ಮುಟ್ಟಿಸಿತ್ತೋ, ಅದರ ಎದುರಿಗೇ ಆ ಮಾತನ್ನು ಹಿಂತೆಗೆದುಕೊಳ್ಳಬೇಕಿತ್ತು. ಆಕೆ ಸೆರೆಮನೆಯನ್ನೇ ಆರಿಸಿಕೊಂಡರು. 2020ರ ಅಕ್ಟೋಬರ್‌ನಲ್ಲಿ, ಮನೆಯವರೊಡನೆ ಸಂಪರ್ಕ ಬೇಕೆಂದು ಉಪವಾಸ ಹೂಡಿದರು.

2020ರ ಡಿಸೆಂಬರ್ 28ರಂದು ಭಯೋತ್ಪಾದನೆಯ ವಿಶೇಷ ನ್ಯಾಯಾಲಯ ಆಕೆಗೆ 5 ವರ್ಷ 8 ತಿಂಗಳ ಶಿಕ್ಷೆ ವಿಧಿಸಿ, ಅದರಲ್ಲಿ 2 ವರ್ಷ 10 ತಿಂಗಳನ್ನು ಅಮಾನತಿನಲ್ಲಿಟ್ಟಿತು. 2021ರ ಫೆಬ್ರವರಿ 10ರಂದು, 1001 ದಿನಗಳ ನಂತರ, ಆಕೆ ಮನೆಗೆ ಬಂದರು. ಸಮರ್ ಮತ್ತು ನಸೀಮಾ ಹೊರಬಂದದ್ದು ಆ ವರ್ಷದ ಜೂನ್‌ನಲ್ಲಿ. ಬಿಡುಗಡೆ ಎಂಬ ಪದವನ್ನೂ ಇಲ್ಲಿ ಎಚ್ಚರದಿಂದ ಬಳಸಬೇಕು. ಲೂಜೈನ್ ಅವರಿಗೆ ವಿದೇಶ ಪ್ರಯಾಣ ನಿಷಿದ್ಧವಾಗಿತ್ತು, ಮತ್ತೆ ‘ತಪ್ಪು’ ಮಾಡಿದರೆ ಅಮಾನತಿನಲ್ಲಿಟ್ಟ ಶಿಕ್ಷೆಯೂ ಎರಗಬಹುದಿತ್ತು. ಸೆರೆಮನೆಯ ಗೋಡೆಗಳು ದೇಶದ ಗಡಿಯವರೆಗೆ ಸರಿದಿದ್ದವು, ಅಷ್ಟೇ.

ಕೊಡುಗೆಯೂ ಹಕ್ಕೂ

ಈಗ ಮೊದಲಿನ ಪ್ರಶ್ನೆಗೆ ಬರೋಣ. ಪ್ರಯೋಗದಲ್ಲಿ ಒಂದು ಅಂಶದ ಪರಿಣಾಮ ತಿಳಿಯಬೇಕಾದರೆ ಉಳಿದುವನ್ನೆಲ್ಲ ಹಾಗೆಯೇ ಇಟ್ಟು, ಅದೊಂದನ್ನೇ ಬದಲಿಸುತ್ತೇವೆ. ಇಲ್ಲಿ ಇತಿಹಾಸವೇ ಅಂಥದೊಂದು ಪ್ರಯೋಗ ಮಾಡಿದಂತಿದೆ. ಮಾತು ಒಂದೇ: ಹೆಂಗಸರು ಕಾರು ಓಡಿಸಲಿ. ಅರಸ ಹೇಳಿದಾಗ ಅದು ಸುಧಾರಣೆ. ಪ್ರಜೆ ಹೇಳಿದಾಗ ಅದು ದ್ರೋಹ. ಬದಲಾದದ್ದು ಹೇಳಿದವರು ಮಾತ್ರ. ಹಾಗಾದರೆ ಸರ್ಕಾರ ಅಂಜಿದ್ದು ಕಾರಿನ ಸ್ಟೇರಿಂಗಿಗಲ್ಲ, ಕೇಳುವ ಬಾಯಿಗೆ.

ಅಂದು ಬಂದ ಆ ದೂರವಾಣಿ ಕರೆಗೆ ಈಗ ಅರ್ಥ ಸಿಗುತ್ತದೆ. ಹೋರಾಟಗಾರ್ತಿಯರು ಹೊಗಳಿದರೂ ಅಪಾಯವೇ, ಏಕೆಂದರೆ ಅವರು ಬಾಯಿ ತೆರೆದರೆ ಜನರಿಗೆ ಇಪ್ಪತ್ತೇಳು ವರ್ಷಗಳ ಕಥೆ ನೆನಪಾಗುತ್ತದೆ. ಇದು ಅರಮನೆಯ ಕೊಡುಗೆಯಲ್ಲ, ಕೇಳಿ ಪಡೆದದ್ದು ಎಂದು ತಿಳಿದುಬಿಡುತ್ತದೆ. ಒಂದನ್ನು ಕೇಳಿ ಪಡೆದವರು ಇನ್ನೊಂದನ್ನೂ ಕೇಳಿಯಾರು. ಇಂದು ಕಾರು, ನಾಳೆ ಮತದಾನ, ನಾಡಿದ್ದು ನ್ಯಾಯಾಲಯ. ಅಳದಿದ್ದರೆ ತಾಯಿಯೂ ಹಾಲೂಡಿಸುವುದಿಲ್ಲ ಎಂಬ ಮಾತು ನಮ್ಮಲ್ಲಿದೆ. ಇಂಥ ಸರ್ಕಾರಗಳು ಹಾಲು ಕೊಡಲು ಸಿದ್ಧ, ಅಳುವುದನ್ನು ಮಾತ್ರ ಒಪ್ಪುವುದಿಲ್ಲ.

ಆದ ಬದಲಾವಣೆಯನ್ನು ಅಲ್ಲಗಳೆಯಬೇಕಿಲ್ಲ. 2019ರ ಆಗಸ್ಟ್‌ನಲ್ಲಿ 21 ವರ್ಷ ದಾಟಿದ ಮಹಿಳೆಯರು ತಾವೇ ಪಾಸ್‌ಪೋರ್ಟ್ ಪಡೆದು ಪ್ರಯಾಣಿಸಬಹುದೆಂದು ನಿಯಮ ಬದಲಾಯಿತು. ಕೆಲಸಕ್ಕೆ ಹೋಗುವ ಹೆಂಗಸರ ಸಂಖ್ಯೆ ಬಹಳ ಹೆಚ್ಚಿತು. ಇವು ಲಕ್ಷಾಂತರ ಮನೆಗಳ ಬದುಕನ್ನು ಹಗುರಗೊಳಿಸಿದ ಸಂಗತಿಗಳು. ಆದರೆ 2022ರ ಮಾರ್ಚ್ 8ರಂದು ಹೊರಡಿಸಿದ ಕೌಟುಂಬಿಕ ಕಾಯಿದೆಯಲ್ಲಿ ಹೆಣ್ಣಿನ ಮದುವೆಗೆ ರಕ್ಷಕ ಪುರುಷ ಬೇಕೆಂಬ ನಿಯಮ ಲಿಖಿತವಾಗಿಯೇ ಸೇರಿತು. ಅದನ್ನು ಪ್ರಶ್ನಿಸಬೇಕಾದವರು ಅಷ್ಟರಲ್ಲಿ ಮೌನವಾಗಿದ್ದರು ಅಥವಾ ದೇಶ ಬಿಟ್ಟಿದ್ದರು. ಕೊಡುಗೆಗೂ ಹಕ್ಕಿಗೂ ಇರುವ ವ್ಯತ್ಯಾಸ ಇಲ್ಲಿ ತಿಳಿಯುತ್ತದೆ. ಕೊಡುಗೆಯನ್ನು ಎಷ್ಟು ಕೊಡಬೇಕು, ಎಲ್ಲಿ ನಿಲ್ಲಿಸಬೇಕು ಎಂದು ಕೊಡುವವನೇ ನಿರ್ಧರಿಸುತ್ತಾನೆ. ಹಕ್ಕಿನ ಅಳತೆಯನ್ನು ಪಡೆಯುವವರೂ ಹೇಳಬಹುದು.

ಇನ್ನೊಂದು ಪ್ರಕರಣ ಹೇಳಿಬಿಡುತ್ತೇನೆ, ಏಕೆಂದರೆ ಅದು ವಿದ್ಯಾರ್ಥಿನಿಯೊಬ್ಬಳದು. ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದ ಸಲ್ಮಾ ಅಲ್-ಶೆಹಾಬ್ ರಜೆಗೆಂದು ಊರಿಗೆ ಬಂದಿದ್ದಾಗ 2021ರ ಜನವರಿಯಲ್ಲಿ ಬಂಧಿತರಾದರು. ಸೆರೆಯಲ್ಲಿದ್ದ ಹೋರಾಟಗಾರ್ತಿಯರ ಪರವಾಗಿ ಟ್ವಿಟರ್‌ನಲ್ಲಿ ಬಂದ ಮಾತುಗಳನ್ನು ಹಂಚಿಕೊಂಡದ್ದು ಅವರ ಮೇಲಿನ ದೂರು. ಮೊದಲು 6 ವರ್ಷದ ಶಿಕ್ಷೆಯಾಯಿತು. ಮೇಲ್ಮನವಿ ಸಲ್ಲಿಸಿದಾಗ, 2022ರ ಆಗಸ್ಟ್‌ನಲ್ಲಿ, ಅದು 34 ವರ್ಷಕ್ಕೆ ಏರಿತು. ಮುಂದೆ ಅದನ್ನು ಇಳಿಸಲಾಯಿತು, 2025ರ ಫೆಬ್ರವರಿಯಲ್ಲಿ ಅವರು ಹೊರಬಂದರು. ಕೇಳಿದವರಿಗೆ ಮಾತ್ರವಲ್ಲ, ಕೇಳಿದವರನ್ನು ನೆನೆದವರಿಗೂ ಸೆರೆಮನೆ ಕಾದಿತ್ತು.

ವಿದ್ಯಾರ್ಥಿ ಮಿತ್ರರೇ, ನಮ್ಮ ಪಠ್ಯಪುಸ್ತಕಗಳಲ್ಲಿ ಕರ್ಮಣಿ ಪ್ರಯೋಗ ಬಹಳ. ‘ಹಕ್ಕನ್ನು ನೀಡಲಾಯಿತು’, ‘ನಿಷೇಧವನ್ನು ತೆರವುಗೊಳಿಸಲಾಯಿತು’ ಎಂದು ಬರೆದಿರುತ್ತದೆ. ವ್ಯಾಕರಣದ ದೃಷ್ಟಿಯಿಂದ ಅದು ಸರಿ. ಆದರೆ ಅಂಥ ವಾಕ್ಯ ಕೊಟ್ಟವರನ್ನೂ ಹೇಳುವುದಿಲ್ಲ, ಕೇಳಿದವರನ್ನೂ ಹೇಳುವುದಿಲ್ಲ. ಯಾವ ದೇಶದ ಚರಿತ್ರೆಯಲ್ಲಾಗಲಿ, ಯಾವ ಕಾಲದ ಚರಿತ್ರೆಯಲ್ಲಾಗಲಿ ಇಂಥ ವಾಕ್ಯ ಎದುರಾದರೆ ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಎರಡು ಪ್ರಶ್ನೆ ಬರೆದುಕೊಳ್ಳಿ: ಕೇಳಿದವರು ಯಾರು? ಅದು ಸಿಕ್ಕ ದಿನ ಅವರು ಎಲ್ಲಿದ್ದರು?